ಕಾಲಿನ ಉಬ್ಬಿದ ನರ ಮತ್ತು ಮಂಡಿ ಆಪರೇಷನ್: ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ಸದಸ್ಯರ ಗಮನಕ್ಕೆ



ಉದಕಮಂಡಲ, ಗೂಡಲೂರು, ಮಸಿನಗುಡಿ ಕಡೆಯ ನಮ್ಮ ಹಿರಿಯರು ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಳ್ಳಲು ಮೈಸೂರಿಗೋ ಕೊಯಮತ್ತೂರಿಗೋ ಹೋಗಿ, ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗಿ ಬೆಟ್ಟಕ್ಕೆ ಮರಳುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಆಸ್ಪತ್ರೆಯಲ್ಲೇ ಮುಗಿಯುವುದಿಲ್ಲ. ಮನೆಗೆ ಬಂದ ಮೇಲೂ ಕೆಲವು ವಾರ ಇರುತ್ತದೆ. ವೆರಿಕೋಸ್ ವೇನ್ಸ್ ಇರುವವರು ಇದನ್ನು ವಿಶೇಷವಾಗಿ ತಿಳಿದಿರಬೇಕು.

ವೆರಿಕೋಸ್ ವೇನ್ಸ್ ಎಂದರೇನು?

'ನರ ಉಬ್ಬಿದೆ' ಎಂದು ನಾವು ಹೇಳುವುದು ನಿಜವಾಗಿ ನರವಲ್ಲ. ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ. ಅದರೊಳಗಿನ ಕವಾಟಗಳು ಸಡಿಲವಾದಾಗ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಟೀ ಎಸ್ಟೇಟ್, ಅಂಗಡಿ, ಶಾಲೆಗಳಲ್ಲಿ ಗಂಟೆಗಟ್ಟಲೆ ನಿಂತು ದುಡಿದವರಲ್ಲಿ ಇದು ಸಾಮಾನ್ಯ.

ಅಪಾಯ ಎಲ್ಲಿದೆ?

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಲು ವೈದ್ಯರು ಮೂರು ಕಾರಣ ಹೇಳುತ್ತಾರೆ: ರಕ್ತದ ಓಟ ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಕೀಲು ಬದಲಾವಣೆಯಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಅಪಾಯ ಅಳೆಯಲು ಕ್ಯಾಪ್ರಿನಿ ಅಂಕಪಟ್ಟಿ ಎಂಬುದೊಂದಿದೆ. ಅದರಲ್ಲಿ ಮಂಡಿ ಅಥವಾ ಸೊಂಟದ ಕೀಲು ಬದಲಾವಣೆಗೆ 5 ಅಂಕ, 61ರಿಂದ 74 ವಯಸ್ಸಿಗೆ 2, ವೆರಿಕೋಸ್ ವೇನ್ಸ್‌ಗೆ 1, ಹಿಂದೆ ಹೆಪ್ಪುಗಟ್ಟಿದ್ದರೆ 3. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಅಪಾಯ. ಅಂದರೆ 65 ವರ್ಷದ, ನರ ಉಬ್ಬಿದ ಒಬ್ಬರಿಗೆ 8 ಅಂಕ. ಉಬ್ಬಿದ ನರ ಇದೆಯೆಂದು ಆಪರೇಷನ್ ಬಿಡಬೇಕಾಗಿಲ್ಲ. ವೈದ್ಯರಿಗೆ ಮೊದಲೇ ತಿಳಿಸಿರಬೇಕು, ಅಷ್ಟೇ.

ಆಪರೇಷನ್‌ಗೆ ಮುಂಚೆ

1. ಸೀರೆ, ಪಂಚೆ, ಪ್ಯಾಂಟಿನಡಿ ಮುಚ್ಚಿಹೋಗುವ ಉಬ್ಬಿದ ನರಗಳನ್ನು ವೈದ್ಯರಿಗೆ ತೋರಿಸಿ. ಬೇಕೆನಿಸಿದರೆ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ.
2. ಕಣಕಾಲಿನ ಬಳಿ ಹುಣ್ಣಿದ್ದರೆ ಖಂಡಿತ ಹೇಳಿ. ಅದರಿಂದ ಹೊಸ ಕೀಲಿಗೆ ಸೋಂಕು ತಗಲಬಹುದು.
3. ನಿಮಗಾಗಲಿ ಒಡಹುಟ್ಟಿದವರಿಗಾಗಲಿ ಹಿಂದೆ ಹೆಪ್ಪುಗಟ್ಟಿತ್ತೇ ಎಂಬುದನ್ನು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮನೆಗೆ ಬಂದ ಮೇಲೆ

1. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಚುಚ್ಚುಮದ್ದನ್ನು ಮಂಡಿಗೆ ಸಾಮಾನ್ಯವಾಗಿ ಸುಮಾರು 2 ವಾರ, ಸೊಂಟಕ್ಕೆ 35 ದಿನದವರೆಗೆ ಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ. ಮಲ ಕಪ್ಪಾದರೆ ಅಥವಾ ಗಾಯದಿಂದ ರಕ್ತ ಸೋರಿದರೆ ತಕ್ಷಣ ವೈದ್ಯರಿಗೆ ತಿಳಿಸಿ.
2. 'ಅಲುಗಾಡದೆ ಮಲಗಿರಿ' ಎಂಬ ಮನೆಯವರ ಮಾತು ಪ್ರೀತಿಯದು, ಆದರೆ ಸರಿಯಲ್ಲ. ವೈದ್ಯರು ಹೇಳಿಕೊಟ್ಟಂತೆ ನಡೆಯಿರಿ, ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ.
3. ಊದಿದ ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹೆಪ್ಪು ಇದ್ದರೆ ಕಳಚಬಹುದು.
4. ಬಿಗಿ ಸ್ಟಾಕಿಂಗನ್ನು ವೈದ್ಯರ ಸಲಹೆಯಿಲ್ಲದೆ ಹಾಕಬೇಡಿ.

ಕಾಯಬಾರದ ಲಕ್ಷಣಗಳು

ಆಪರೇಷನ್ ಆದ ಕಾಲು ಸ್ವಲ್ಪ ಊದುವುದು ಸಹಜ. ಆದರೆ ಮೀನಖಂಡದಲ್ಲಿ ಹೊಸದಾಗಿ ನೋವು, ಬಿಸಿ, ಕೆಂಪು ಕಾಣಿಸಿದರೆ, ಕಾಲು ಎತ್ತಿಟ್ಟರೂ ಊತ ಇಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರುಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವು ತುರ್ತು ಲಕ್ಷಣಗಳು.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರ ರಸ್ತೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. 'ಬೆಳಿಗ್ಗೆ ಗೇಟ್ ತೆರೆದ ಮೇಲೆ ಆಪರೇಷನ್ ಮಾಡಿದ ಮೈಸೂರಿನ ಡಾಕ್ಟರ ಬಳಿಗೇ ಹೋಗೋಣ' ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಗೂಡಲೂರು ಅಥವಾ ಉದಕಮಂಡಲದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಸಿನಗುಡಿಯವರು ಕಲ್ಲಟ್ಟಿ ಘಾಟಿಯ 36 ತಿರುವುಗಳಿಗೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿದು ಬೇಗನೆ ಹೊರಡಬೇಕು. ಡಿಸ್ಚಾರ್ಜ್ ಚೀಟಿ, ಮಾತ್ರೆಗಳು ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ.

ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಮೊಬೈಲ್ ನೋಡದ ಹಿರಿಯರಿಗೆ ಮನೆಯವರು ದಯವಿಟ್ಟು ಓದಿ ಹೇಳಬೇಕಾಗಿ ವಿನಂತಿ.

– ಕಾರ್ಯದರ್ಶಿ