ನಂದಿ ತಪ್ಪಲಿನ ದ್ರಾಕ್ಷಾರಸ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗೆ ಹೋಗಿಬಂದ ವಿದ್ಯಾರ್ಥಿಗಳಿಗೆ, ಎಲೆಯ ಬಣ್ಣ, ಮೈ ನೋಡಿ ದರ್ಜೆ ಹೇಳುವ ಪರಿ ಗೊತ್ತಿರುತ್ತದೆ. ವೈನಿನ ಪರೀಕ್ಷೆಯೂ ಅಂಥದೇ. ಮೊದಲು ಬಣ್ಣ, ಬಳಿಕ ವಾಸನೆ, ಕಡೆಗೆ ರುಚಿ. ಪಳಗಿದ ಪರೀಕ್ಷಕರು ಗುಟುಕನ್ನು ನುಂಗುವುದಿಲ್ಲ, ಉಗುಳಿಬಿಡುತ್ತಾರೆ!

ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರ ಕುಟುಂಬ ಫ್ರೆಂಚ್ ತಳಿಗಳನ್ನು ಬೆಳೆಸಿತು. ಸಂಸ್ಥೆ ಆರಂಭವಾದದ್ದು 1988ರಲ್ಲಿ. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಜೊತೆಗಿತ್ತು. ನಮ್ಮದೇ ಬೆಂಗಳೂರು ನೀಲಿ ಇರಲಿಲ್ಲವೇ ಎಂದು ಕೇಳಬಹುದು. ತಿನ್ನಲು, ಜ್ಯೂಸಿಗೆ ಅದು ಸೊಗಸು. ಆದರೆ ಅದರ ಗಾಢ ವಾಸನೆ ಫ್ರೆಂಚ್ ಮಾದರಿಯ ವೈನಿಗೆ ಒಗ್ಗದು.

ತೊಡಕು ಬೇರೆಯೇ ಇತ್ತು. ಫ್ರಾನ್ಸಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಅಂಥ ಚಳಿಯೆಲ್ಲಿ? ಆದ್ದರಿಂದ ವರ್ಷಕ್ಕೆರಡು ಬಾರಿ ಕೊಂಬೆ ಸವರಿ, ಒಂದೇ ಫಸಲು ತೆಗೆಯುತ್ತಾರೆ.

ರಾಜ್ಯದ ದ್ರಾಕ್ಷಾರಸ ನೀತಿ ಬಂದದ್ದು 2007ರಲ್ಲಿ. ಬೆಂಗಳೂರು ನೀಲಿಗೂ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.