ಅಡವಿಯಿಲ್ಲದ ನಾಡಿನ ಬಂಡುಕೋರರು

1879ರ ಜುಲೈ ತಿಂಗಳು. ಸಿಂದಗಿ ಸೀಮೆಯ ದೇವರನಾವದಗಿಯ ಗುಡಿಯೊಂದರಲ್ಲಿ, ಜ್ವರದಿಂದ ಬೆಂದು ಬಸವಳಿದ ಮನುಷ್ಯನೊಬ್ಬ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದ. ವಯಸ್ಸು 33. ವಾರಗಟ್ಟಲೆ ಓಡಿ ದಣಿದಿದ್ದ ಆತ ಪಂಢರಪುರದ ಕಡೆಗೆ ಹೊರಟಿದ್ದ. ಪೊಲೀಸರು ಒಳನುಗ್ಗಿ ಎದೆಯ ಮೇಲೆ ಕೂತಾಗಲೇ ಕಣ್ಣು ತೆರೆದದ್ದು. ಪುಣೆಯ ಸೇನಾ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಆಮೇಲೆ ಮುಂಬಯಿ ಸರ್ಕಾರದ ನಿದ್ದೆಗೆಡಿಸಿದ ವಾಸುದೇವ ಬಲವಂತ ಫಡಕೆ ಸೆರೆಸಿಕ್ಕಿದ್ದು ಹೀಗೆ.

ಫಡಕೆಯ ಕಥೆಯನ್ನು ಮರಾಠಿ ಓದುಗರು ಬಾಲ್ಯದಿಂದ ಬಲ್ಲರು. ಆದರೆ ಆ ಕಥೆಯ ಕೊನೆಯ ಪುಟ ನಡೆದದ್ದು ಕನ್ನಡದ ನೆಲದಲ್ಲಿ ಎಂಬುದರ ಕಡೆಗೆ ಹೆಚ್ಚು ಜನರ ಗಮನ ಹರಿದಿಲ್ಲ. ಸಹ್ಯಾದ್ರಿಯ ಕಣಿವೆಗಳನ್ನು ಕೈಗೆರೆಯಷ್ಟು ಚೆನ್ನಾಗಿ ಬಲ್ಲವನು, ಅಡಗಲು ಒಂದು ಪೊದೆಯೂ ಸಿಗದ ಈ ಎರಿ ಭೂಮಿಗೆ ಏಕೆ ಬಂದ?

ಈ ಸೀಮೆಯ ನಕ್ಷೆಯೇ ಅದಕ್ಕೆ ಉತ್ತರ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳದು ಕರಿಮಣ್ಣಿನ ಬಯಲು. ಬಿಳಿಜೋಳ ಎದೆಯೆತ್ತರ ಬೆಳೆದಾಗ ನಾಲ್ಕು ತಿಂಗಳು ಮರೆ, ಸುಗ್ಗಿ ಮುಗಿದರೆ ಹರದಾರಿ ದೂರದ ಕುದುರೆ ಸವಾರನೂ ಬರಿಗಣ್ಣಿಗೆ ಕಾಣುತ್ತಾನೆ. ಬಂಡುಕೋರನಿಗೆ ಇಲ್ಲಿ ಕಾಡಿರಲಿಲ್ಲ, ಗಡಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯ ಪಡುವಣಕ್ಕೆ ಜತ್ತ ಸಂಸ್ಥಾನ, ಭೀಮೆಯಾಚೆ ಅಕ್ಕಲಕೋಟೆ, ಸಿಂದಗಿಯ ಮೂಡಣಕ್ಕೆ ನಿಜಾಮನ ರಾಜ್ಯ, ಮುದ್ದೇಬಿಹಾಳದ ಮಗ್ಗುಲಿಗೆ ಸುರಪುರದ ನಾಯಕರು, ಕೃಷ್ಣೆಯ ತೆಂಕಣ ಬದಿಗೆ ಮುಧೋಳ, ಜಮಖಂಡಿ. ಒಂದು ರಾತ್ರಿಯ ಪಯಣದಲ್ಲಿ ಒಬ್ಬ ದೊರೆಯ ಪೊಲೀಸರಿಂದ ಮತ್ತೊಬ್ಬ ದೊರೆಯ ನೆಲಕ್ಕೆ ಜಾರಿಕೊಳ್ಳಬಹುದಿತ್ತು. ಈ ಸೀಮೆಯ ನೂರು ವರ್ಷದ ಬಂಡಾಯಗಳನ್ನು ಒಟ್ಟಿಗಿಟ್ಟು ನೋಡಿದರೆ ಪ್ರತಿಯೊಂದರಲ್ಲೂ ಗಡಿಯ ಪಾಲು ಕಾಣುತ್ತದೆ.

ಅಮೆರಿಕದ ಅಂತರ್ಯುದ್ಧದ ನಂತರದ ದರೋಡೆಕೋರರ ಚರಿತ್ರೆಯಲ್ಲೂ ಇಂಥ ಗಡಿಯೊಂದಿದೆ. ಗುಲಾಮಗಿರಿ ಇದ್ದ ಮಿಸೌರಿ, ಅದನ್ನು ಒಲ್ಲದ ಕಾನ್ಸಾಸ್, ಇವೆರಡರ ನಡುವಿನ ಗೆರೆಯಲ್ಲಿ ದೊಡ್ಡ ಯುದ್ಧಕ್ಕೂ ಮೊದಲೇ ರಕ್ತ ಹರಿದಿತ್ತು. 1863ರ ಆಗಸ್ಟ್ 21ರಂದು ವಿಲಿಯಂ ಕ್ವಾಂಟ್ರಿಲ್ ಎಂಬಾತನ ಗೆರಿಲ್ಲಾ ಪಡೆ ಗಡಿ ದಾಟಿ ಕಾನ್ಸಾಸಿನ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ನೂರೈವತ್ತಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದಿತು. 1865ರಲ್ಲಿ ಯುದ್ಧ ಮುಗಿದರೂ ಈ ಪಡೆಗಳ ಹುಡುಗರಿಗೆ ಕುದುರೆ, ಪಿಸ್ತೂಲು, ಹಗೆ ಇವಿಷ್ಟನ್ನು ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ. ಫ್ರಾಂಕ್ ಜೇಮ್ಸ್, ಅವನ ತಮ್ಮ ಜೆಸ್ಸಿ, ಯಂಗರ್ ಸಹೋದರರು ಬ್ಯಾಂಕು, ರೈಲು ದೋಚುವ ಹಾದಿ ಹಿಡಿದರು. ಕಾನ್ಸಾಸ್ ಸಿಟಿಯ ಪತ್ರಕರ್ತ ಜಾನ್ ನ್ಯೂಮನ್ ಎಡ್ವರ್ಡ್ಸ್ ಅವರನ್ನು ಸೋತ ಪಕ್ಷದ ವೀರರೆಂದು ಬರೆದು ಮೆರೆಸಿದ.

ನಮ್ಮಲ್ಲಿ ಇಂಥ ಯುದ್ಧೋತ್ತರ ಕಾಲ ಶುರುವಾದದ್ದು 1818ರಲ್ಲಿ. ಪೇಶ್ವೆ ಸೋತ, ಪಿಂಡಾರಿಗಳ ಗುಂಪುಗಳು ಚದುರಿದವು. ಈ ಭಾಗದ ಹಳ್ಳಿಗಳ ನಡುವೆ ಇಂದಿಗೂ ನಿಂತಿರುವ ಹುಡೇವುಗಳು, ಅಂದರೆ ದುಂಡನೆಯ ಕಲ್ಲಿನ ಕೊತ್ತಲಗಳು, ದಾಳಿಗಳ ಭಯದಲ್ಲಿ ಬದುಕಿದ ಕಾಲದ ಕುರುಹು. ದಂಡು ಬಂತೆಂದರೆ ಜನ ಅಗಸಿ ಮುಚ್ಚಿ, ಕಾಳುಕಡಿ, ಮಕ್ಕಳು ಮರಿ ಸಮೇತ ಹುಡೇವು ಏರುತ್ತಿದ್ದರು. ಹೊಸ ಆಳ್ವಿಕೆ ಬಂದ ಮೇಲೆ ಹೊರಗಿನ ದಾಳಿ ನಿಂತಿತು. ಆದರೆ ಮರಾಠರ ಚಾಕರಿಯಲ್ಲಿದ್ದ ಕುದುರೆ ಸವಾರರು, ಕೋಟೆ ಕಾಯುತ್ತಿದ್ದವರು, ಜಮೀನಿನ ಆದಾಯಕ್ಕೆ ಪ್ರತಿಯಾಗಿ ಹತ್ಯಾರ ಹಿಡಿಯುತ್ತಿದ್ದ ಶೇತಸನದಿಗಳು, ದೇಸಗತಿಯ ಆಳುಗಳು ಒಮ್ಮೆಗೇ ಹಂಗು ಹರಿದ ಜನರಾದರು.

ಆರೇ ವರ್ಷಕ್ಕೆ ಸಿಂದಗಿ ಸಿಡಿಯಿತು. 1824ರಲ್ಲಿ ದಿವಾಕರ ದೀಕ್ಷಿತ ಎಂಬಾತ ಜನ ಕೂಡಿಸಿ ಊರನ್ನು ವಶಪಡಿಸಿಕೊಂಡ. ಬಾಲಾಜಿ ದೇಶಪಾಂಡೆ, ರಾವ್ಜಿ ರಾಸ್ತಿಯಾ, ಶೆಟ್ಟಿಯಪ್ಪ ಅವನ ಜೊತೆಗಾರರು. ಅವರು ದೋಚಿ ಓಡಿಹೋಗಲಿಲ್ಲ. ಸಿಂದಗಿಯಲ್ಲಿ ಠಾಣೆ ಕೂಡಿಸಿದರು, ಕಂದಾಯ ವಸೂಲಿಗೆ ಏರ್ಪಾಟು ಮಾಡಿದರು. ಧಾರವಾಡದಿಂದ ಪಡೆ ಬಂತು. ಒಳಗಿನವರೇ ಎರಡು ಬಗೆದು ಅಗಸಿ ಬಾಗಿಲು ತೆರೆದರು, ಮುಂದಾಳುಗಳು ಸೆರೆಯಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಕಿತ್ತೂರು ನಾಡಿನ ನೆನಪಾಯಿತು, ಸಿಂದಗಿ ಗೆಜೆಟಿಯರಿನ ನಾಲ್ಕು ಸಾಲಾಯಿತು.

ಆ ನಾಲ್ಕು ಸಾಲನ್ನು ನಿಧಾನವಾಗಿ ಓದಬೇಕು. ವಸಾಹತು ದಾಖಲೆ ಒಂದೇ ಉಸಿರಿನಲ್ಲಿ ‘ಕೊಳ್ಳೆ’ ಎನ್ನುತ್ತದೆ, ‘ವಸೂಲಿಯ ಏರ್ಪಾಟು’ ಎಂದೂ ಹೇಳುತ್ತದೆ. ಕೊಳ್ಳೆಗಾರನಿಗೆ ಠಾಣೆ ಏತಕ್ಕೆ, ಲೆಕ್ಕ ಬರೆಯುವ ದೇಶಪಾಂಡೆ ಏತಕ್ಕೆ? ಈ ಸೀಮೆಯ ರೈತ ಆದಿಲಶಾಹಿಯಿಂದ ಪೇಶ್ವೆಯವರೆಗೆ ಕಂಡ ಸರ್ಕಾರವೆಂದರೆ ಠಾಣೆ ಮತ್ತು ವಸೂಲಿಯೇ. ದೀಕ್ಷಿತ ಅದನ್ನೇ ಮತ್ತೆ ಕಟ್ಟಲು ಹೊರಟ. ಮಿಸೌರಿಯ ಹುಡುಗರು ಸರ್ಕಾರ ನಡೆಸುವ ಯೋಚನೆಯನ್ನು 1865ಕ್ಕೇ ಕೈಬಿಟ್ಟಿದ್ದರು.

ಇದಕ್ಕಿಂತ ವಿಚಿತ್ರವಾದದ್ದು ಬಾದಾಮಿಯಲ್ಲಿ ನಡೆದ ಘಟನೆ. 1839ರಲ್ಲಿ ಸಾತಾರೆಯ ಛತ್ರಪತಿ ಪ್ರತಾಪಸಿಂಹನನ್ನು ಇಂಗ್ಲಿಷರು ಗದ್ದುಗೆಯಿಂದಿಳಿಸಿ ಕಾಶಿಗೆ ಕಳಿಸಿದ್ದರು. 1841ರಲ್ಲಿ ನರಸಿಂಹ ದತ್ತಾತ್ರೇಯ ಪೇಟಕರ ಎಂಬಾತ ನಿಜಾಮನ ಸೀಮೆಯಿಂದ 125 ಅರಬ್ಬರನ್ನು ಕಟ್ಟಿಕೊಂಡು ಬಂದು ಬಾದಾಮಿ ಕೋಟೆ ಹಿಡಿದು ಛತ್ರಪತಿಯ ನಿಶಾನೆ ಹಾರಿಸಿದ. ಆತನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಕೆಂಪುಬಂಡೆಯ ಆ ಕಡಿದಾದ ಮೆಟ್ಟಿಲುಗಳನ್ನು ಕುರುಡ ದಳಪತಿಯೊಬ್ಬ ಯಾರದೋ ಹೆಗಲ ಮೇಲೆ ಕೈಯಿಟ್ಟು ಏರಿದ ಚಿತ್ರವನ್ನು ಊಹಿಸಿಕೊಳ್ಳಬಹುದು. ಖಜಾನೆ, ಪೇಟೆ ಎರಡನ್ನೂ ದೋಚಿ, ಸಿಕ್ಕಿದ್ದನ್ನು ನಿಜಾಮನ ಗಡಿಯಾಚೆ ಸಾಗಿಸಿ, ಮರಳಿ ಬಂದು ಆಡಳಿತಕ್ಕೆ ಕೂತ. ಮರಳಿ ಬಂದದ್ದೇ ಮುಳುವಾಯಿತು. ವಾರದೊಳಗೆ ಧಾರವಾಡದ ಪಡೆ ಕೋಟೆಯನ್ನು ಕಿತ್ತುಕೊಂಡಿತು. ಕರಿನೀರಿನ ಶಿಕ್ಷೆಯಾದರೂ ಕುರುಡನೆಂಬ ಕಾರಣಕ್ಕೆ ಆತನನ್ನು ಸಾತಾರೆಯಲ್ಲೇ ಇರಿಸಿದರು.

ಆ 125 ಅರಬ್ಬರು ಎಲ್ಲಿಂದ ಬಂದರು? ಹೈದರಾಬಾದಿನಲ್ಲಿ ಅರಬ್ಬರು, ರೋಹಿಲರು ಸಂಬಳಕ್ಕೆ ಕತ್ತಿ ಹಿಡಿಯುವ ದೊಡ್ಡ ಸಮುದಾಯಗಳಾಗಿದ್ದರು. ಇಂಗ್ಲಿಷರ ನೆಲದಲ್ಲಿ ಬಾಡಿಗೆ ಸೈನಿಕನ ಕಸುಬು ಮುಗಿದಿತ್ತು, ಭೀಮೆಯ ಆಚೆ ಅದಕ್ಕಿನ್ನೂ ಗಿರಾಕಿಗಳಿದ್ದರು. ಗಡಿ ಬಂಡುಕೋರನಿಗೆ ಅಡಗುದಾಣವಷ್ಟೇ ಅಲ್ಲ, ಆಳು ಸಿಗುವ ಸಂತೆಯೂ ಆಗಿತ್ತು.

1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಧಿಕ್ಕರಿಸಿದರು. ಬೇಟೆಯೂ ಕಾವಲೂ ಬದುಕಾಗಿದ್ದವರಿಗೆ ಹತ್ಯಾರ ಒಪ್ಪಿಸುವುದೆಂದರೆ ಕೈ ಕಡಿದುಕೊಟ್ಟಂತೆ. ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಮುಂದಿನ ಫೆಬ್ರುವರಿಯಲ್ಲಿ ಮುದ್ದೇಬಿಹಾಳದ ನೆರೆಯ ಸುರಪುರ ಎದ್ದಿತು. ಸೋತ ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸಿಕ್ಕಿಬಿದ್ದು, 1858ರ ಮೇ 11ರಂದು ಕಾವಲಿನಲ್ಲಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಹೈದರಾಬಾದು ಇಂಗ್ಲಿಷರ ಬೆನ್ನಿಗಿದ್ದ ಹೊತ್ತಿನಲ್ಲಿ ಗಡಿ ದಾಟುವ ಹಳೆಯ ಹಂಚಿಕೆ ಫಲಿಸಲಿಲ್ಲ.

ಇಷ್ಟರ ನಂತರ ಅಮೆರಿಕದ ಯುದ್ಧ ತಾನಾಗಿಯೇ ಈ ಕರಿಮಣ್ಣಿಗೆ ಬಂತು. 1861ರಿಂದ 1865ರವರೆಗೆ ಅಮೆರಿಕದ ಹತ್ತಿ ಲ್ಯಾಂಕಾಷೈರಿನ ಗಿರಣಿಗಳಿಗೆ ತಲುಪದೆ, ಮುಂಬಯಿಯ ಅರಳೆಯ ಧಾರಣೆ ಹಲವು ಪಟ್ಟು ಏರಿತು. ಧಾರವಾಡ, ಕಲಾದಗಿ ಕಡೆಯ ಒಕ್ಕಲಿಗನ ಕೈಯಲ್ಲಿ ಎಂದೂ ಕಾಣದ ರೊಕ್ಕ ಆಡಿತು. ಸಾವುಕಾರ ಕೇಳಿದಷ್ಟು ಸಾಲ ಕೊಟ್ಟ, ಸರ್ಕಾರ ಕಂದಾಯ ಏರಿಸಿತು. ಯುದ್ಧ ಮುಗಿದದ್ದೇ ತಡ ಧಾರಣೆ ನೆಲಕ್ಕೆ ಬಿತ್ತು. ಜೇಮ್ಸ್ ಸಂಗಡಿಗರು 1866ರ ಫೆಬ್ರುವರಿಯಲ್ಲಿ ಮಿಸೌರಿಯ ಲಿಬರ್ಟಿ ಪಟ್ಟಣದ ಬ್ಯಾಂಕು ದೋಚಿದರೆಂದು ಹೇಳುವ ಹೊತ್ತಿಗೆ, ದಖ್ಖನಿನ ರೈತ ಕರಾರುಪತ್ರಗಳ ಉರುಳಿನಲ್ಲಿ ಸಿಕ್ಕಿಬಿದ್ದಿದ್ದ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ಮನೆಗೆ ನುಗ್ಗಿ ಆ ಕಾಗದಗಳನ್ನೇ ಸುಟ್ಟರು.

ಮರುವರ್ಷ ಧಾತು ಸಂವತ್ಸರದ ಬರ. ಈ ಸೀಮೆ ಆಗ ಸೇರಿದ್ದ ಕಲಾದಗಿ ಜಿಲ್ಲೆ ಅದರ ಬಾಯಿಗೇ ಬಿತ್ತು. 1872ರ ಜನಗಣತಿಗೂ 1881ರದಕ್ಕೂ ನಡುವೆ ಜಿಲ್ಲೆಯ ಐವರಲ್ಲಿ ಒಬ್ಬನಷ್ಟು ಜನ ಕಡಿಮೆಯಾದರು. ಪುಣೆಯ ಗುಮಾಸ್ತ ಫಡಕೆ ಬರಪೀಡಿತ ಊರುಗಳನ್ನು ತಿರುಗಿ ನೋಡಿದ್ದು ಈ ಕಾಲದಲ್ಲಿ. ಸಾಯುತ್ತಿದ್ದ ತಾಯಿಯನ್ನು ನೋಡಲು ಹೊತ್ತಿಗೆ ರಜೆ ಸಿಗದ ನೋವು ಮೊದಲೇ ಇತ್ತು. ಕೋಟೆ ಕಾವಲಿನ ಕೆಲಸ ಕಳೆದುಕೊಂಡಿದ್ದ ರಾಮೋಶಿಗಳನ್ನು ಕೂಡಿಸಿಕೊಂಡು 1879ರ ಫೆಬ್ರುವರಿಯಿಂದ ಸಾವುಕಾರರ ಮನೆಗಳ ಮೇಲೆ ದಾಳಿಗೆ ತೊಡಗಿದ. ದೋಚಿದ ಹಣದಿಂದ ಸೈನ್ಯ ಕಟ್ಟುವುದು ಅವನ ಲೆಕ್ಕ. ಸರ್ಕಾರ ಅವನ ತಲೆಗೆ ಬಹುಮಾನ ಸಾರಿದರೆ, ಅವನು ಮುಂಬಯಿ ಗವರ್ನರನ ತಲೆಗೇ ಬಹುಮಾನ ಸಾರಿದ. ಮೇ ತಿಂಗಳಲ್ಲಿ ಬಲಗೈಯಾಗಿದ್ದ ದೌಲತರಾವ್ ನಾಯಕ ಮೇಜರ್ ಡೇನಿಯಲ್‌ನ ಪಡೆಗೆ ಬಲಿಯಾದ ಮೇಲೆ ಫಡಕೆ ಶ್ರೀಶೈಲಕ್ಕೆ ಹೋದ, ಅಲ್ಲಿಂದ ನಿಜಾಮನ ಸೀಮೆಯಲ್ಲಿ ರೋಹಿಲರನ್ನು ಗೊತ್ತುಮಾಡಲು ಹೊರಟ. ಪೇಟಕರ 38 ವರ್ಷ ಹಿಂದೆ ಹೋದದ್ದೂ ಅದೇ ಸಂತೆಗೆ.

ಆದರೆ ಸಂತೆ ಬದಲಾಗಿತ್ತು. ದೇವರನಾವದಗಿಯ ಗುಡಿಗೆ ಬಂದ ಡೇನಿಯಲ್ ಮುಂಬಯಿ ಸರ್ಕಾರದ ಅಧಿಕಾರಿ. ಬೆನ್ನಟ್ಟುವ ಕೆಲಸದಲ್ಲಿ ಅವನಿಗೆ ಜೊತೆಯಾಗಿದ್ದ ಅಬ್ದುಲ್ ಹಕ್ ನಿಜಾಮನ ಪೊಲೀಸ್ ಅಧಿಕಾರಿ. ಭೀಮೆಯ ಈಚೆ ದಡದವನೂ ಆಚೆ ದಡದವನೂ ಸೇರಿ ಅಟ್ಟಿಸಿಕೊಂಡು ಬಂದಾಗ ಓಡುವವನಿಗೆ ದಾಟಲು ಹೊಳೆಯೇ ಉಳಿಯಲಿಲ್ಲ. ಫಡಕೆಯನ್ನು ಪುಣೆಯಲ್ಲಿ ವಿಚಾರಿಸಿ ಏಡನ್ನಿನ ಸೆರೆಮನೆಗೆ ಕಳಿಸಿದರು. ಒಮ್ಮೆ ಕೋಣೆಯ ಬಾಗಿಲನ್ನೇ ಕಿತ್ತು ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದ. 1883ರ ಫೆಬ್ರುವರಿ 17ರಂದು ಅಲ್ಲೇ ಸತ್ತ. ಅದಕ್ಕೆ ಹತ್ತು ತಿಂಗಳ ಮುಂಚೆ, 1882ರ ಏಪ್ರಿಲ್ 3ರಂದು, ಮಿಸೌರಿಯ ಸೇಂಟ್ ಜೋಸೆಫಿನಲ್ಲಿ ಜೆಸ್ಸಿ ಜೇಮ್ಸ್ ಗೋಡೆಯ ಮೇಲಿನ ಪಟದ ಧೂಳು ಒರೆಸಲು ಕುರ್ಚಿ ಏರಿ ನಿಂತಾಗ, ಅವನದೇ ಗುಂಪಿನ ರಾಬರ್ಟ್ ಫೋರ್ಡ್ ಬಹುಮಾನದ ಆಸೆಗೆ ಬೆನ್ನ ಹಿಂದಿನಿಂದ ಗುಂಡು ಹಾರಿಸಿದ್ದ.

ಆಮೇಲೆ ಸರ್ಕಾರ ಒಬ್ಬೊಬ್ಬರನ್ನು ಹಿಡಿಯುವ ಗೋಜು ಬಿಟ್ಟು ಇಡೀ ಜಾತಿಗಳನ್ನೇ ಹಿಡಿಯತೊಡಗಿತು. 1871ರ ‘ಅಪರಾಧಿ ಬುಡಕಟ್ಟು’ಗಳ ಕಾಯ್ದೆ 1911ರ ತಿದ್ದುಪಡಿಯ ಮೂಲಕ ಮುಂಬಯಿ ಪ್ರಾಂತಕ್ಕೂ ಬಂತು. ಬಿಜಾಪುರದಲ್ಲಿ ತಂತಿಬೇಲಿಯ ವಸಾಹತು ಎದ್ದಿತು. ಹುಟ್ಟಿದ ಕೂಸಿಗೂ ಹಾಜರಿ ಪುಸ್ತಕ ಕಾದಿರುತ್ತಿದ್ದ ಈ ಕಾಯ್ದೆ ರದ್ದಾದದ್ದು 1952ರಲ್ಲಿ.

ಹಳೆಯ ಬಗೆಯ ಬಂಡುಕೋರರ ಸಾಲಿನಲ್ಲಿ ಕಡೆಯ ದೊಡ್ಡ ಹೆಸರು ಸಿಂಧೂರ ಲಕ್ಷ್ಮಣನದು. ಜತ್ತ ಸಂಸ್ಥಾನದ ಸಿಂಧೂರಿನ ಬೇಡರವನು, ಬಂಟರೆಂದರೆ ಅಕ್ಕತಂಗಿಯರ ಮಕ್ಕಳು. ಸಾವುಕಾರರ ಗಂಟು, ಸರ್ಕಾರದ ಖಜಾನೆ ಅವನ ಗುರಿ. ಸಂಸ್ಥಾನದ ನೆಲದಿಂದ ಬ್ರಿಟಿಷ್ ಬಿಜಾಪುರಕ್ಕೆ, ಅಲ್ಲಿಂದ ಹಿಂದಕ್ಕೆ ಎಂಬ ಹಳೆಯ ಆಟವನ್ನೇ ಆಡಿದ. 1922ರ ಜುಲೈಯಲ್ಲಿ, ಜತ್ತದ ಗಡಿಯಿಂದ ಬಹುದೂರ, ಬೀಳಗಿ ಸೀಮೆಯ ಗುಡ್ಡದಲ್ಲಿ ಪೊಲೀಸರ ಗುಂಡಿಗೆ ಬಿದ್ದ. ಸುಳಿವು ಹೋದದ್ದು ನಂಬಿದವರ ಮನೆಯಿಂದ ಎಂದು ಲಾವಣಿಯೂ ನಾಟಕವೂ ಒಕ್ಕೊರಲಿನಿಂದ ಹೇಳುತ್ತವೆ.

ಲಕ್ಷ್ಮಣನನ್ನು ಬದುಕಿಸಿದ್ದು ಕಂಪನಿ ನಾಟಕ. ಜಾತ್ರೆಗೆ ತಂಬು ಹೊಡೆದ ಕಂಪನಿಗಳು ಅವನನ್ನು ದಶಕಗಟ್ಟಲೆ ಆಡಿ ಊಟ ಮಾಡಿದವು, ನಟ ಸುಧೀರ್ ಆ ವೇಷದಿಂದ ಉತ್ತರ ಕರ್ನಾಟಕದ ಮನೆಮಾತಾದರು. ಹಲಗಲಿಯವರನ್ನು ಉಳಿಸಿದ್ದು ಲಾವಣಿ. ಸೈನಿಕರು ಯಾವ ಮನೆಯಿಂದ ಏನೇನು ಹೊತ್ತೊಯ್ದರೆಂದು ಪಟ್ಟಿ ಮಾಡುವ ಆ ಹಾಡನ್ನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ, ಮುಂದೆ ಶಾಲೆಯ ಮಕ್ಕಳು ಅದನ್ನು ಪಾಠವಾಗಿ ಓದಿದರು. ಎಡ್ವರ್ಡ್ಸನ ಪತ್ರಿಕೆ ಜೆಸ್ಸಿಗೆ ಮಾಡಿದ ಕೆಲಸವನ್ನು ಇಲ್ಲಿ ಡಪ್ಪು, ತುಂತುಣಿ ಮಾಡಿದವು.

1948ರಲ್ಲಿ ಜತ್ತ, ಅಕ್ಕಲಕೋಟೆಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು, ನಿಜಾಮನ ರಾಜ್ಯವೂ ಕೊನೆಗೊಂಡಿತು. 1956ರ ನವೆಂಬರ್ 1ರಂದು ಹೊಸ ಗೆರೆ ಬಿತ್ತು: ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ, ಜತ್ತ ಆಚೆಗೆ. ಇಂಡಿಯ ಕಡೆ ಭೀಮೆ ಈಗಲೂ ಎರಡು ರಾಜ್ಯಗಳ ನಡುವೆ ಹರಿಯುತ್ತದೆ. ನಾಡಪಿಸ್ತೂಲು ಹಿಡಿದ ಇತ್ತೀಚಿನ ಹಗೆತನಗಳಿಗೆ ಪತ್ರಿಕೆಗಳು ‘ಭೀಮಾ ತೀರ’ ಎಂದೇ ಹೆಸರಿಟ್ಟವು, 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಸಿನಿಮಾವೂ ಬಂತು. ಊರ ಜನರಿಗೆ ಆ ಹೆಸರು ಹೊರಲಾರದ ಹೊರೆ.

ಚರಿತ್ರೆಯ ಕಾಗದಪತ್ರಗಳೂ ಇದೇ ಗೆರೆಗಳ ಪ್ರಕಾರ ಹಂಚಿಹೋಗಿವೆ. ಸಿಂದಗಿ, ಬಾದಾಮಿಗಳ ವರದಿಗಳು ಹೋದದ್ದು ಮುಂಬಯಿಗೆ, ಸುರಪುರದವು ಹೈದರಾಬಾದಿಗೆ. ಮರಾಠಿಯ ಆದ್ಯ ಕ್ರಾಂತಿವೀರನೆನಿಸಿದ ಫಡಕೆ ಕೈಗೆ ಕೋಳ ತೊಟ್ಟ ಊರು ಇಂದು ಕರ್ನಾಟಕದಲ್ಲಿದೆ. ಕನ್ನಡ ರಂಗಭೂಮಿ ಹಾಡಿ ಹೊಗಳಿದ ಲಕ್ಷ್ಮಣನ ಸಿಂಧೂರು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.