ಸೆರೆಯಲ್ಲಿ ಹೆಬ್ಬಾವಿನ ಪಾಲನೆ: ತಿರಸ್ಕೃತವಾದ ಒಂದು ಸಾಕ್ಷ್ಯದ ವಿಮರ್ಶೆ

ದೊಡ್ಡ ಹಾವುಗಳನ್ನು ಸೆರೆಯಲ್ಲಿಟ್ಟು ಆರೋಗ್ಯದಿಂದ ಉಳಿಸಿಕೊಳ್ಳುವ ಕ್ರಮವು ಪ್ರಾಣಿಶಾಸ್ತ್ರಕ್ಕೆ ಸೇರಿದುದೆಂದು ಇತಿಹಾಸದ ಅಭ್ಯಾಸಿಗಳು ಅದನ್ನು ಬದಿಗಿಡುವುದು ವಾಡಿಕೆ. ಆದರೆ ಒಂದು ಸಾಕ್ಷ್ಯವನ್ನು ಯಾವ ಆಧಾರದ ಮೇಲೆ ಅಂಗೀಕರಿಸಬೇಕು, ಯಾವ ಆಧಾರದ ಮೇಲೆ ನಿರಾಕರಿಸಬೇಕು ಎಂಬ ನಮ್ಮ ಶಾಸ್ತ್ರದ ಮೂಲಪ್ರಶ್ನೆಯೇ ಈ ವಿಷಯದಲ್ಲಿ ಅಡಗಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲು ಯತ್ನಿಸುತ್ತೇವೆ.

ಭಾರತದಲ್ಲಿ ಸಂಚರಿಸಿ ಹಿಂದಿರುಗಿದ ಲಮಾರ್-ಪಿಕೋ ಎಂಬ ಫ್ರೆಂಚ್ ಪ್ರವಾಸಿಯು 1832ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಸಂಗತಿಯನ್ನು ಮಂಡಿಸಿದನು. ಹೆಣ್ಣು ಹೆಬ್ಬಾವು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಕುಳಿತು ಶಾಖ ಕೊಡುತ್ತದೆ ಎಂಬುದೇ ಆ ಸಂಗತಿ. ಹಾವಿನ ಮೈಯ ಬಿಸಿಯು ಹೊರಗಿನ ಬಿಸಿಯನ್ನೇ ಅನುಸರಿಸುತ್ತದೆಂದು ವಿದ್ವಾಂಸರು ನಂಬಿದ್ದ ಕಾಲವದು. ಸರೀಸೃಪಶಾಸ್ತ್ರದಲ್ಲಿ ಅಗ್ರಗಣ್ಯನಾಗಿದ್ದ ಡ್ಯುಮೆರಿಲ್ ಈ ಹೇಳಿಕೆಯನ್ನು ಒಪ್ಪಲಿಲ್ಲ. ಸಾಕ್ಷ್ಯವು ಸಿದ್ಧಾಂತಕ್ಕೆ ಹೊಂದಲಿಲ್ಲವಾದುದರಿಂದ ಸಾಕ್ಷ್ಯವೇ ತಪ್ಪೆಂದು ಎಣಿಸಲಾಯಿತು.

ಒಂಬತ್ತು ವರ್ಷಗಳ ತರುವಾಯ ಇದಕ್ಕೆ ಉತ್ತರ ದೊರೆತುದು ಅದೇ ಪ್ಯಾರಿಸ್ಸಿನ ಪ್ರಾಣಿಸಂಗ್ರಹಾಲಯದಲ್ಲಿ. 1841ರ ಮೇ 6ರಂದು ಅಲ್ಲಿನ ಹೆಬ್ಬಾವೊಂದು 15 ಮೊಟ್ಟೆಗಳನ್ನಿಟ್ಟು ಅವುಗಳ ಸುತ್ತ ಸುರುಳಿಯಾಗಿ ಮಲಗಿತು. ವಲೆನ್ಸಿಯೆನ್ ಎಂಬ ವಿದ್ವಾಂಸನು ಉಷ್ಣಮಾಪಕದಿಂದ ಅಳೆದು, ಸುರುಳಿಗಳ ನಡುವಿನ ಬಿಸಿಯು ಸುತ್ತಲಿನ ಗಾಳಿಗಿಂತ ಹೆಚ್ಚಾಗಿರುವುದನ್ನು ಕಂಡನು. ಆ ಅವಧಿಯಲ್ಲಿ ಹಾವು ಆಹಾರವನ್ನು ಮುಟ್ಟಲಿಲ್ಲ; ನೀರನ್ನು ಮಾತ್ರ ಕುಡಿಯಿತು. ಜುಲೈ ತಿಂಗಳಲ್ಲಿ 8 ಮರಿಗಳು ಹೊರಬಂದವು.

ಇಷ್ಟರಿಂದಲೇ ವಿವಾದವು ಮುಗಿಯಲಿಲ್ಲ. ಕೃತಕವಾಗಿ ಬಿಸಿಮಾಡಿದ ಗೂಡಿನಲ್ಲಿ ಹಾವಿನ ಸ್ವಂತ ಶಾಖವಾವುದು, ಗೂಡಿನ ಶಾಖವಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. 1881ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಫೋರ್ಬ್ಸ್ ಎಂಬುವನು ಗಂಡುಹಾವಿನೊಡನೆ ಹೋಲಿಸಿ ನೋಡಿದಾಗ, ಹೆಣ್ಣು ಹೆಚ್ಚು ಬೆಚ್ಚಗಿದ್ದರೂ ಅಂತರವು ಪ್ಯಾರಿಸ್ಸಿನಷ್ಟು ದೊಡ್ಡದಾಗಿರಲಿಲ್ಲ. ಕೊನೆಗೆ 1966ರಲ್ಲಿ ಅಮೆರಿಕೆಯ ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಇವರು ಕಾರಣವನ್ನು ತೋರಿಸಿಕೊಟ್ಟರು. ಸುತ್ತಲಿನ ಉಷ್ಣತೆಯು 33 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದಾಗ ಕಾವು ಕೊಡುವ ಹೆಬ್ಬಾವು ತನ್ನ ಸ್ನಾಯುಗಳನ್ನು ಮತ್ತೆ ಮತ್ತೆ ಸಂಕೋಚಿಸಿ ಶಾಖವನ್ನು ಉಂಟುಮಾಡುತ್ತದೆ. ಪ್ರವಾಸಿಯ ಮಾತು ಸುಮಾರು ಒಂದೂಕಾಲು ಶತಮಾನದ ಮೇಲೆ ಪೂರ್ಣವಾಗಿ ಸಮರ್ಥಿಸಲ್ಪಟ್ಟಿತು.

ಪಾಲನೆಯ ಪದ್ಧತಿಯೂ ಈ ನಡುವೆ ಬದಲಾಗುತ್ತಿದ್ದಿತು. ಲಂಡನ್ನಿನಲ್ಲಿ 1849ರಲ್ಲಿಯೇ ಸರೀಸೃಪಗಳಿಗೆಂದು ಪ್ರತ್ಯೇಕ ಗೃಹವೊಂದು ತೆರೆದಿದ್ದಿತು. 1927ರಲ್ಲಿ ತೆರೆದ ಹೊಸ ಗೃಹವನ್ನು ರೂಪಿಸಿದವರು ಜೋನ್ ಪ್ರಾಕ್ಟರ್ ಎಂಬ ವಿದುಷಿ. ಇಡೀ ಕಟ್ಟಡಕ್ಕೆ ಒಂದೇ ಸಮನಾದ ಬಿಸಿಯನ್ನು ಕೊಡುವುದಕ್ಕೆ ಬದಲಾಗಿ, ಬೇರೆ ಬೇರೆ ಎಡೆಗಳಿಗೆ ಬೇರೆ ಬೇರೆ ಪ್ರಮಾಣದ ವಿದ್ಯುತ್ ಶಾಖವನ್ನು ಅವರು ಏರ್ಪಡಿಸಿದರು. ಇಂದಿಗೂ ಹೆಬ್ಬಾವಿನ ಪಾಲನೆಯ ತಳಹದಿ ಇದೇ: ಗೂಡಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು, ಅಡಗಲು ಕತ್ತಲೆಯ ಎಡೆಯೂ ಶುದ್ಧವಾದ ನೀರೂ ಬೇಕು, ಆಹಾರವನ್ನು ನುಂಗಿದ ಮೇಲೆ ಅದನ್ನು ಕದಲಿಸಬಾರದು. ಉಪವಾಸವೆಲ್ಲವೂ ರೋಗವಲ್ಲವೆಂಬುದನ್ನು ಪ್ಯಾರಿಸ್ಸಿನ ಆ ತಾಯಿಹಾವೇ ತೋರಿಸಿದ್ದಿತು.

ನಮ್ಮ ನಾಡಿನ ಹೆಬ್ಬಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ; ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಆದುದರಿಂದ ಈ ತಿಳಿವಳಿಕೆಯ ಪ್ರಯೋಜನವು ಇಲ್ಲಿ ಮೃಗಾಲಯಗಳಿಗೂ ಗಾಯಗೊಂಡ ಹಾವುಗಳ ಆರೈಕೆಗೂ ಸೀಮಿತವಾದುದು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದು ಇಷ್ಟು. ಡ್ಯುಮೆರಿಲನು ಸಂದೇಹಪಟ್ಟುದು ತಪ್ಪಲ್ಲ. ಸಂದೇಹವು ವಿದ್ವಾಂಸನ ಕರ್ತವ್ಯ. ಪರೀಕ್ಷೆಗೆ ಮೊದಲೇ ಸಂದೇಹವನ್ನು ನಿರ್ಣಯವೆಂದು ಭಾವಿಸಿದುದು ತಪ್ಪು. ದಾಖಲೆಗಳನ್ನು ಓದುವಾಗ ನಾವೂ ಆ ತಪ್ಪಿಗೆ ಒಳಗಾಗುವುದು ಅಪರೂಪವಲ್ಲ.